ಕೆಂಪು ದೀಪದ ಮೇಲಿನ ಟಿಕಳಿ

ಬಾಜೂ ಮನೆಯ ಕಾಕಾರ ಅಂಬಾಸಿಡರ್ ಕಾರನ್ನು ಕೊಳ್ಳಲು ಮೊನ್ನೆ ಒಬ್ಬರು ಬಂದಿದ್ದರು. ಕೀಲಿ ನನ್ನ ಹತ್ತಿರವೇ ಇತ್ತು. ಬಾಗಿಲು ತೆಗೆದೊಡನೆ ಹಳೆಯ ರೆಕ್ಸಿನ್ನು, ಪೆಟ್ರೋಲು, ನೋವಿನೆಣ್ಣೆ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಡ್ಯಾಶ್‌ಬೋರ್ಡಿನ ಮೇಲೆ ಆ ಟಿಕಳಿ, ಹೆಂಗಸರು ಹಣೆಗೆ ಅಂಟಿಸಿಕೊಳ್ಳುವಂಥದ್ದು, ಇನ್ನೂ ಹಾಗೇ ಇತ್ತು...

ಕಾಕಾರ ಹೆಂಡತಿ, ನಮ್ಮ ಕಾಕು, ಸೊಂಟದ ಆಪರೇಷನ್ ಆದಮೇಲೆ ನಡೆಯಲೇ ಇಲ್ಲ. ಸವಣೂರಿನ ಓಣಿಯ ಆ ಕೋಣೆಗೆ ಒಂದೇ ಕಿಟಕಿ, ಅದರಾಚೆ ನಮ್ಮ ಗೋಡೆ. ಆಡೂರಿನ ತವರುಮನೆಯನ್ನು ಒಮ್ಮೆ ನೋಡಬೇಕೆಂಬುದೊಂದೇ ಅವರ ಆಸೆ. ಕುಲುಕಾಡಿದರೆ ನೋವು, ಹಾಗಾಗಿ ಕಾರು ಮೆಲ್ಲಗೆ ಹೋಗಬೇಕು. ಮೆಲ್ಲಗೆ ಹೋದರೆ ಹಳೆಯ ಡೈನಮೋ ಬ್ಯಾಟರಿಯನ್ನು ಚಾರ್ಜು ಮಾಡುತ್ತಿರಲಿಲ್ಲ. ಕಾಕಾರಿಗೆ ಅವರನ್ನು ಬಿಟ್ಟು ಹೋಗಲೂ ಆಗದು, ಕರೆದೊಯ್ಯಲೂ ಆಗದು.

ಕೊನೆಗೆ ಶಿಗ್ಗಾವಿಯಿಂದ ವೈರಿಂಗ್ ಮಿಸ್ತ್ರಿಯನ್ನು ಕರೆಸಿದರು. ಅವನು ಡೈನಮೋ ಬಿಚ್ಚಿ ಆಲ್ಟರ್ನೇಟರ್ ಕೂರಿಸಿ, ಬ್ಯಾಟರಿಗೆ ದಪ್ಪ ವೈರು ಎಳೆದ. "ಇನ್ನ ಆಮೀ ನಡದಂಗ ಹೋದ್ರೂ ಚಾರ್ಜ್ ಆಗ್ತೈತ್ರಿ" ಅಂದ. ಕಾಕಾ ದಿನಾ ಕಾಕುವನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ರೂಢಿಯಾಗಲೆಂದು ಊರೊಳಗೆ ಸುತ್ತಿಸಿದರು. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಕೆಂಪು ದೀಪವೊಂದು ಮಾತ್ರ ಕಾಕುವಿಗೆ ಆಗಲಿಲ್ಲ.

"ಆಪರೇಷನ್ ಖೋಲಿ ಬಾಗಲದ ಮ್ಯಾಲಿನ ದೀಪ ಇದ್ದಂಗ ಐತ್ರಿ. ತಗದಬಿಡ್ರಿ."

ಕಾಕಾ ಬಲ್ಬು ಕಿತ್ತು ಕಿಸೆಗೆ ಹಾಕಿಕೊಂಡರು. ಡೈನಮೋ ಕಾಲದಲ್ಲಿ ಅದು ಬರೀ ಚಾರ್ಜಿನ ಸೂಚನೆಯ ದೀಪ, ಇಲ್ಲದಿದ್ದರೂ ಗಾಡಿಗೆ ಬಾಧಕವಿರಲಿಲ್ಲ.

ಆಡೂರಿಗೆ ಹೊರಟ ದಿನ ಕಾಕುವಿನ ಭುಜ ಹಿಡಿದು ನಾನು ಹಿಂದಿನ ಸೀಟಿನಲ್ಲಿದ್ದೆ. ಬಂಕಾಪುರ ದಾಟಿ ಸ್ವಲ್ಪ ದೂರದಲ್ಲಿ ಕಾರು ಕೆಮ್ಮಿ ನಿಂತಿತು. ಬ್ಯಾಟರಿ ಪೂರ್ತಿ ಖಾಲಿ. ಕಾಕಾ ಮಿಸ್ತ್ರಿಗೆ ಫೋನು ಮಾಡಿದರು. ಸುತ್ತ ಒಂದು ಗಿಡದ ನೆರಳಿಲ್ಲ, ಕಾಕುವನ್ನು ಇಳಿಸುವಂತಿಲ್ಲ. ಕಾದ ತಗಡಿನೊಳಗೆ ಮೂವರೂ ಬೆವರುತ್ತಾ ಕೂತೆವು. ನನಗೆ ಉಸಿರು ಕಟ್ಟಿದಂತಾಗಿ ಕಾರಿನ ಮೇಲೆಯೇ ಸಿಟ್ಟು ಬಂತು. ಕಾಕು ನಕ್ಕರು.

"ತೌರಮನಿ ಗಾಳಿ ಬರಾಕತ್ತೈತಿ, ಗಾಡಿ ಅಷ್ಟ ಹೋಗವಲ್ದು."

ಮಿಸ್ತ್ರಿ ಬೇರೆ ಬ್ಯಾಟರಿ ಹೊತ್ತು ತಂದ. ಒಳಗೆ ಇಣುಕಿದವನೇ ಕಾಕಾರನ್ನು ಬಾನೆಟ್ಟಿನ ಬಳಿ ಕರೆದ. ನಾನೂ ಇಳಿದು ಹೋದೆ.

"ಕೆಂಪು ದೀಪ ಎಲ್ಲೈತ್ರಿ ಕಾಕಾ? ಅದರಾಗಿಂದ ಕರೆಂಟ್ ಬಂದ್ರನ ಆಲ್ಟರ್ನೇಟರ್ ಎಚ್ಚರಾಗೂದು."

ಕಾಕಾ ಕಿಸೆ ಮುಟ್ಟಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ನನಗೆ, "ಕಾಕುಗ ಹೇಳಬ್ಯಾಡ ತಂಗೀ. ತನ್ನಿಂದನ ಹಿಂಗಾತು ಅಂತ ತಿಳಕೊಂತಾಳ" ಅಂದರು. ಕಿಟಕಿಗೆ ಬಂದು, ಬ್ಯಾಟರಿ ಹಳೆಯದಾಗಿತ್ತೆಂದು ಹೇಳಿದರು. ಅಷ್ಟರಲ್ಲಿ ಕಾಕುವಿಗೆ ಕೂರಲೂ ಆಗುತ್ತಿರಲಿಲ್ಲ. ಸವಣೂರಿಗೇ ತಿರುಗಿದೆವು.

ಅಂದೇ ಸಂಜೆ ಕಾಕಾ ಬಲ್ಬು ಮತ್ತೆ ಹಾಕಿ, ಅದು ಕಾಣದಂತೆ ಕಾಕುವಿನದೇ ಒಂದು ಟಿಕಳಿ ಅಂಟಿಸಿದರು. ಕಾಕು ಆ ಸೀಟಿನಲ್ಲಿ ಮತ್ತೆ ಕೂರಲಿಲ್ಲ... ಅದೇ ಕೋಣೆಯಲ್ಲಿ ತೀರಿಹೋದರು. ಆಮೇಲೆ ಕಾಕಾ ನಿಂತ ಕಾರಿನಲ್ಲಿ ಒಬ್ಬರೇ ಕೂತಿರುತ್ತಿದ್ದರು. ಚಹಾಕ್ಕೆ ಕರೆದರೂ ಇಳಿಯುತ್ತಿರಲಿಲ್ಲ. ಈಗ ಅವರೂ ಇಲ್ಲ. ಆ ಬಲ್ಬಿನ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕೊಳ್ಳುವವರು ತಾವು ತಂದ ಬ್ಯಾಟರಿ ಜೋಡಿಸಿ ಒಳಗೆ ಕೂತು, ಟಿಕಳಿಯನ್ನು ಉಗುರಿನಿಂದ ಕೆರೆಯಲು ಹೋದರು.

"ಇರ್ಲಿ ಬಿಡ್ರಿ" ಅಂದೆ.

ಕೀಲಿ ತಿರುಗಿಸಿದಾಗ ಟಿಕಳಿಯ ಅಂಚಿನಲ್ಲಿ ಕೆಂಪು ಹತ್ತಿತು, ಗಾಡಿ ಶುರುವಾದೊಡನೆ ಆರಿತು. ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿದೆ. "ಹಾನಗಲ್ಲಿಗ್ರಿ" ಅಂದರು. ಆಡೂರಿಗೂ ಆ ಕಡೆಯೇ ಹೋಗಬೇಕು. ಕಾರು ಓಣಿ ದಾಟಿತು. ಮುಂದಿನ ಸೀಟಿನಲ್ಲಿ ಕಾಕುವಿನ ಜಾಗ ಖಾಲಿಯಿತ್ತು.