ಮೂಗಿನ ಮೇಸ್ತ್ರಿ

ಹಳೆಯ ಜೀಪಿನ ಅಡಿಯಲ್ಲಿ ಏನಾದರೂ ಸೋರಿದರೆ ಬೇರೆ ಮೇಸ್ತ್ರಿಗಳು ಟಾರ್ಚು ಹುಡುಕುತ್ತಿದ್ದರು. ಇವನು ಅದನ್ನು ಬೆರಳಿಗೆ ಹಚ್ಚಿಕೊಂಡು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚುತ್ತಿದ್ದ. ಸಿಹಿ ವಾಸನೆ ಬಂದರೆ ರೇಡಿಯೇಟರು, ಸುಟ್ಟ ವಾಸನೆ ಬಂದರೆ ಎಂಜಿನ್ನು, ಕೊಳೆತ ಮೊಟ್ಟೆಯ ಗಬ್ಬು ಹೊಡೆದರೆ ಗೇರು ಇಲ್ಲವೇ ಆಕ್ಸಲ್ಲು. ತೀರ್ಪು ತಪ್ಪಿದ್ದೇ ಇಲ್ಲ. ಹಾಗಾಗಿ ಮೂಗಿನ ಮೇಸ್ತ್ರಿ ಎಂಬ ಹೆಸರು ಅಂಟಿಕೊಂಡಿತು. ಅವನಿಗೂ ಆ ಹೆಸರೆಂದರೆ ಒಳಗೊಳಗೇ ಹಿಗ್ಗು.

ಕಳೆದ ಚಳಿಗಾಲದಲ್ಲಿ ಜ್ವರ ಬಂತು, ಹೋಯಿತು. ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಪಾಪ, ಮೇಸ್ತ್ರಿ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಬಾಯಿ ಬಿಡಲಿಲ್ಲ. ಈಗಲೂ ಬೆರಳನ್ನು ಮೂಗಿಗೆ ಹಿಡಿಯುತ್ತಿದ್ದ, ಕಣ್ಣು ಮುಚ್ಚುತ್ತಿದ್ದ. ಆದರೆ ಮುಚ್ಚುವ ಮೊದಲು ಬಣ್ಣವನ್ನು ಕದ್ದು ನೋಡಿರುತ್ತಿದ್ದ.

ಅವತ್ತು ಬೆಳಿಗ್ಗೆ ಶಾಲೆಯ ಜೀಪು ಬಂತು. ಗುಡ್ಡದ ಮೇಲಿನ ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಹೆಂಗಸು ಅದನ್ನು ಓಡಿಸುತ್ತಿದ್ದಳು. ಹಿಂದಿನ ಚಕ್ರದ ಒಳಮೈಯೆಲ್ಲ ಒದ್ದೆ. ಮೇಸ್ತ್ರಿ ಬಿಳಿ ಬಟ್ಟೆಯಲ್ಲಿ ಒರೆಸಿದ. ಹಳೆಯ ಜಿಡ್ಡಿನ ಜೊತೆ ಬೆರೆತು ಎಲ್ಲವೂ ಕಪ್ಪು. ಅದು ಆಕ್ಸಲ್ ಎಣ್ಣೆಯಾದರೆ ಇನ್ನೂ ಕೆಲವು ದಿನ ಓಡಿಸಬಹುದು. ಬ್ರೇಕಿನ ಎಣ್ಣೆಯಾದರೆ ಗಾಡಿ ಅಲ್ಲಾಡಲೂಬಾರದು.

ನೀರಿಗೆ ಒಂದು ಹನಿ ಹಾಕಿದ್ದರೆ ತಿಳಿಯುತ್ತಿತ್ತು. ಆಕ್ಸಲ್ ಎಣ್ಣೆ ತೇಲುತ್ತದೆ, ಬ್ರೇಕಿನದು ಬೆರೆತುಹೋಗುತ್ತದೆ. ಆದರೆ ಅಂಗಡಿಯ ಮುಂದೆ ನಾಲ್ಕಾರು ಡ್ರೈವರುಗಳು ಕೂತಿದ್ದರು. ಮೂಗಿನ ಮೇಸ್ತ್ರಿ ಅವರೆದುರು ನೀರಿನ ಲೋಟ ಹಿಡಿಯುವುದೇ? ಬಾನೆಟ್ಟಿನೊಳಗಿನ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ನೋಡಿದ, ಕಂಠಮಟ್ಟ ತುಂಬಿತ್ತು. ಬ್ರೇಕು ಸೋರಿದ್ದರೆ ಅದು ಇಳಿದಿರಬೇಕಿತ್ತು. ಧೈರ್ಯ ಬಂತು.

"ಆಕ್ಸಲ್ದು. ಹಳೇ ಗಾಡಿ ಅಲ್ವಾ, ಬೆವರತ್ತೆ. ವಾರದ ಕೊನೇಲಿ ತಗೊಂಡು ಬಾಮ್ಮಾ," ಎಂದ.

ಮಧ್ಯಾಹ್ನ ತಡವಾಗಿ ಊಟಕ್ಕೆ ಮನೆಗೆ ಹೋದಾಗ ಎಣ್ಣೆ ಒರೆಸಿದ ಆ ಬಟ್ಟೆ ಅಂಗಿಯ ಜೇಬಿನಲ್ಲೇ ಇತ್ತು. ಅವನು ಬಿಚ್ಚಿಟ್ಟ ಅಂಗಿಯನ್ನು ಹೆಂಡತಿ ಒಗೆಯಲು ಎತ್ತಿಕೊಂಡು, ಬಟ್ಟೆಯನ್ನು ಹೊರಗೆಳೆದು ಮೂಸಿದಳು.

"ಇವತ್ತು ಬ್ರೇಕ್ ಕೆಲಸಾನಾ?"

ಮೇಸ್ತ್ರಿ ತಟ್ಟೆಯಿಂದ ತಲೆ ಎತ್ತಿದ. "ಆಕ್ಸಲ್ ಎಣ್ಣೆ ಕಣೇ ಅದು."

"ನಂಗೇ ಹೇಳ್ತೀರಾ? ಆ ಗಬ್ಬು ಆಗಿದ್ರೆ ನೀವು ಬಾಗಿಲಿಗೆ ಬರುವಾಗ್ಲೇ ಗೊತ್ತಾಗ್ತಿತ್ತು. ಮದುವೆ ಆದಾಗಿಂದ ಇದನ್ನೇ ಒಗೀತಿದ್ದೀನಲ್ಲ!"

ಮೇಸ್ತ್ರಿ ಕೈ ತೊಳೆಯದೆಯೇ ಎದ್ದು ಸ್ಕೂಟರ್ ಹತ್ತಿದ. ಗುಡ್ಡದ ಏರಿನುದ್ದಕ್ಕೂ ಅವನ ಜೀವ ಕೈಯಲ್ಲಿತ್ತು. ಪ್ರತಿ ತಿರುವಿನಲ್ಲೂ ಕೆಳಗಿಳಿಯುವ ಜೀಪು ಎದುರಾದೀತೆಂದು ಹೆದರಿದ.

ಜೀಪು ಶಾಲೆಯ ಗೇಟಿನಲ್ಲೇ ಇತ್ತು. ಶಾಲೆ ಬಿಟ್ಟು ಮಕ್ಕಳು ಗಲಾಟೆ ಮಾಡುತ್ತಾ ಹತ್ತುತ್ತಿದ್ದರು. ಬೆಳಗಿನ ಡ್ರೈವರುಗಳಲ್ಲಿ ಇಬ್ಬರು ಅಲ್ಲೇ, ಶಾಲೆಗೆ ಮರಳು ಹೊತ್ತು ತಂದಿದ್ದ ತಮ್ಮ ಲಾರಿಗಳ ಹತ್ತಿರ ನಿಂತಿದ್ದರು.

"ಎಲ್ಲಾ ಇಳೀರಿ ಮಕ್ಕಳೇ," ಎಂದ ಮೇಸ್ತ್ರಿ. ಆಮೇಲೆ ಡ್ರೈವರುಗಳ ಕಡೆ ತಿರುಗಿ, "ಒಂದು ಲೋಟ ನೀರು ಕೊಡ್ರಪ್ಪಾ. ನನ್ನ ಮೂಗು ಸತ್ತು ತಿಂಗಳುಗಳಾಯ್ತು. ಬೆಳಿಗ್ಗೆ ನಾನು ಹೇಳಿದ್ದು ಬರೀ ಅಂದಾಜು," ಎಂದ.

ಯಾರೂ ನಗಲಿಲ್ಲ, ಒಬ್ಬ ಓಡಿಹೋಗಿ ನೀರು ತಂದ. ಮೇಸ್ತ್ರಿ ಚಕ್ರದಿಂದ ತೊಟ್ಟಿಕ್ಕುತ್ತಿದ್ದ ಹನಿಗಳನ್ನು ಲೋಟದಲ್ಲಿ ಹಿಡಿದ. ಒಂದೂ ತೇಲಲಿಲ್ಲ.

"ಬೆಳಿಗ್ಗೆ ಬ್ರೇಕ್ ಎಣ್ಣೆ ಡಬ್ಬಿ ತುಂಬಿತ್ತಲ್ಲಮ್ಮಾ?"

ಹೆಂಗಸಿನ ಮುಖ ಬಿಳಿಚಿಕೊಂಡಿತು. "ಖಾಲಿ ಇಟ್ಕೊಂಡು ಬಂದ್ರೆ ಬೈತೀರಲ್ಲ ಅಂತ ನಿಮ್ಮ ಹತ್ರ ಬರೋ ಮುಂಚೆ ನಾನೇ ತುಂಬಿಸಿದ್ದೆ."

ಅವಳು ಸೀಟಿಗೆ ಹತ್ತಿ ಬ್ರೇಕನ್ನು ಮತ್ತೆ ಮತ್ತೆ ತುಳಿದಳು. ಕೊನೆಗೆ ಪೆಡಲು ನೆಲ ಮುಟ್ಟಿ ಅಲ್ಲೇ ಉಳಿಯಿತು. ಮೇಸ್ತ್ರಿ ರಸ್ತೆಯಂಚಿನಲ್ಲಿ ಕುಳಿತ. ಆ ಹೆಂಗಸೇ ಬಂದು, "ಬಂದ್ರಲ್ಲ ಮೇಸ್ತ್ರಿ, ಅಷ್ಟು ಸಾಕು," ಎಂದು ಅವನಿಗೆ ಕುಡಿಯಲು ನೀರು ಕೊಟ್ಟಳು. ಮಕ್ಕಳು ಅವತ್ತು ನಡೆದೇ ಗುಡ್ಡ ಇಳಿದರು.

ಸಂಜೆ ಮನೆಯಲ್ಲಿ ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯೇ ಹೇಳಿದಳು: "ಜ್ವರ ಬಿಟ್ಟ ಮೇಲೆ ಒಂದಿನ ಒಲೆ ಪಕ್ಕದಲ್ಲೇ ಕೂತಿದ್ರಿ, ಹಾಲು ಸೀದು ಕರಕಲಾದ್ರೂ ಎದ್ದೇಳಲಿಲ್ಲ. ಅವತ್ತೇ ಗೊತ್ತಾಯ್ತು. ನೀವಾಗೇ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ."

ಮೇಸ್ತ್ರಿಯ ಕಣ್ಣು ತುಂಬಿತು. ಮರುದಿನ ಅಂಗಡಿಗೆ ಹೊರಟಾಗ ಮನೆಯ ಸ್ಟೀಲ್ ಲೋಟವೊಂದನ್ನು ಕೇಳಿ ಪಡೆದ. ಅದಕ್ಕೆ ನೀರು ತುಂಬಿ, ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಪಾನಾ, ಸ್ಕ್ರೂಡ್ರೈವರುಗಳ ಪಕ್ಕದಲ್ಲಿಟ್ಟ.