ದಿ ಅಕ್ಕ ಕಿತ್ತುಹಾಕಿದ ಒಂದಕ್ಷರ

ಕಾಲೇಜು ರಸ್ತೆಯಲ್ಲಿ ನನ್ನ ಬೈಂಡಿಂಗ್ ಅಂಗಡಿಗೆ ಅಂಟಿಕೊಂಡೇ ಅವಳ ಟೈಪಿಂಗ್ ಅಂಗಡಿ. ಇಪ್ಪತ್ತಾರು ವರ್ಷದಿಂದ ಅವಳು ಟೈಪು ಮಾಡಿದ ಹಾಳೆಗಳಿಗೆ ನಾನು ರಟ್ಟು ಹಾಕುತ್ತಾ ಬಂದಿದ್ದೇನೆ. ಅವಳನ್ನು ಎಲ್ಲರೂ ಕರೆಯುವುದು 'ದಿ ಅಕ್ಕ' ಎಂದು. ಡಾಕ್ಟರೇಟಿಗೆ ಬರೆಯುವ ಘಟಾನುಘಟಿಗಳೂ ಇಂಗ್ಲಿಷಿನಲ್ಲಿ 'ದಿ' ನುಂಗಿ ನೀರು ಕುಡಿಯುತ್ತಾರೆ. ನಮ್ಮ ಮಾತಿನಲ್ಲಿ ಅದಕ್ಕೆ ಜಾಗವೇ ಇಲ್ಲದ ಮೇಲೆ ನೆನಪಾಗುವುದಾದರೂ ಹೇಗೆ? ಇವಳು ಟೈಪು ಮಾಡುತ್ತಲೇ ಅದನ್ನು ಸೇರಿಸುತ್ತಾಳೆ. 'ಡಿಸ್ಕಸ್' ಪಕ್ಕ 'ಅಬೌಟ್' ಕಂಡರೆ ಹಾರಿಸುತ್ತಾಳೆ. 'ಆಲ್ದೋ' ಎಂದು ಶುರುವಾದ ವಾಕ್ಯಕ್ಕೆ ನಡುವೆ 'ಬಟ್' ಎಂಬ ಬಾಲ ಮೂಡಿದರೆ ಕತ್ತರಿಸುತ್ತಾಳೆ. ಓದಿದ್ದು ಹತ್ತನೇ ತರಗತಿ. ಮಿಕ್ಕಿದ್ದೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತದ್ದು. ಕಂಡುಕೊಂಡ ನಿಯಮಗಳನ್ನು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಮೇಷ್ಟರಿಲ್ಲದೆ ಕಲಿತವರ ಹೆಮ್ಮೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಹೋದ ವರ್ಷ ಒಂದು ಸೋಮವಾರ ನರ್ಸಮ್ಮ ಮುಖ ಸಣ್ಣದು ಮಾಡಿಕೊಂಡು ಬಂದಳು. ಹೆರಿಗೆ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಬಾಣಂತಿಯರಲ್ಲಿ ಎಷ್ಟು ಜನ ಮತ್ತೆ ತಪಾಸಣೆಗೆ ಬರುತ್ತಾರೆ ಎಂದು ಮೂರು ವರ್ಷ ಮನೆ ಮನೆ ತಿರುಗಿ ಪ್ರಬಂಧ ಬರೆದು, ದಿ ಅಕ್ಕನ ಹತ್ತಿರವೇ ಟೈಪು ಮಾಡಿಸಿದ್ದಳು. ಪರೀಕ್ಷಕರು ಅದನ್ನು ವಾಪಸು ಕಳಿಸಿದ್ದರು. ಶುಕ್ರವಾರಕ್ಕೆ ಅವಳ ಅವಧಿ ಮುಗಿಯುತ್ತಿತ್ತು. ಅಷ್ಟರಲ್ಲಿ ಸರಿಮಾಡದಿದ್ದರೆ ಪದವಿಯ ಆಸೆ ಬಿಡಬೇಕು.

"ಕೋಷ್ಟಕ ಒಂದು ಹೇಳುತ್ತಂತೆ, ಬರಹ ಇನ್ನೊಂದು ಹೇಳುತ್ತಂತೆ ಅಕ್ಕ. ಸಮೀಕ್ಷೆ ಮತ್ತೆ ಮಾಡು ಅಂತಾರೆ ನಮ್ಮ ಗೈಡ್ ಮೇಷ್ಟ್ರು. ನಾಲ್ಕು ದಿನದಲ್ಲಿ ಮುನ್ನೂರು ಮನೆ ಸುತ್ತೋಕೆ ನನಗೇನು ರೆಕ್ಕೆ ಇದೆಯಾ?"

ಪರೀಕ್ಷಕರು ಕೆಂಪು ಗೆರೆ ಎಳೆದಲ್ಲೆಲ್ಲ 'ಫ್ಯೂ ಮದರ್ಸ್' ಎಂದಿತ್ತು.

"ಇಲ್ಲಿ ಏನು ಹೇಳಬೇಕು ಅಂತಿದ್ದೆ?" ಎಂದಳು ದಿ ಅಕ್ಕ.

"ಕೆಲವು ತಾಯಂದಿರು ಬಂದ್ರು ಅಂತ. ನೂರಕ್ಕೆ ನಲವತ್ತು ಜನ ಬಂದಿದ್ದಾರೆ. ಅದೇ ಅಲ್ವಾ ಈ ಪ್ರಬಂಧದ ಜೀವ!"

ದಿ ಅಕ್ಕ ನಿಘಂಟು ತೆರೆದಳು. ಬರೀ 'ಫ್ಯೂ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ; ಅದರ ಮುಂದೆ 'ಎ' ಇದ್ದರೆ ಮಾತ್ರ ಕೆಲವರು. ಅವಳ ಮುಖ ಇಳಿದುಹೋಯಿತು. ಕಪಾಟಿನಿಂದ ನರ್ಸಮ್ಮನ ಕೈಬರಹದ ಕಟ್ಟು ತೆಗೆದು ನೋಡಿದಳು. ಅಲ್ಲಿ ಉದ್ದಕ್ಕೂ 'ಎ ಫ್ಯೂ' ಎಂದೇ ಇತ್ತು. ನೋಟ್‌ಬುಕ್ಕಿನಲ್ಲಿ ಅವಳೇ ಬರೆದುಕೊಂಡ ನಿಯಮ ಹೀಗಿತ್ತು: 'ಎ ಅಂದರೆ ಒಂದು. ಬಹುವಚನದ ಮುಂದೆ ಬರಬಾರದು.'

ತೆಪ್ಪಗೆ ತಿದ್ದಿಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನೂ ಹಾಗೇ ಕಣ್ಸನ್ನೆ ಮಾಡಿದೆ.

"ಕಣ್ಣು ಯಾಕೆ ಹೊಡೀತೀರ ಅಣ್ಣ? ನಿಮ್ಮ ಗೋಂದು ಬಿಟ್ಟುಹೋದ್ರೆ ಹಾಳೆದೇ ತಪ್ಪು ಅಂತೀರಾ?" ಎಂದು ನನ್ನ ಬಾಯಿ ಮುಚ್ಚಿಸಿ, ನರ್ಸಮ್ಮನ ಕಡೆ ತಿರುಗಿದಳು. "ನೀನು ಸರಿಯಾಗೇ ಬರೆದಿದ್ದೆ ಕಣೇ. ಕಿತ್ತವಳು ನಾನು."

"ನೀವಾ? ನಾಲ್ಕು ದಿನದಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ ನನಗೆ! ಅಕ್ಕ ಟೈಪು ಮಾಡಿದ್ರೆ ಸರಿಯಾಗೇ ಇರುತ್ತೆ ಅಂದ್ಕೊಂಡು ಓದಿ ಕೂಡ ನೋಡಲಿಲ್ಲವಲ್ಲ!"

"ಬೈಯಿ, ಚೆನ್ನಾಗಿ ಬೈಯಿ. ಮುಗಿದ ಮೇಲೆ ಪಕ್ಕದಲ್ಲಿ ಕೂತ್ಕೋ."

ನರ್ಸಮ್ಮ ಬೈದಳು, ಆಮೇಲೆ ಕೂತಳು. ಇಪ್ಪತ್ತೆಂಟು ಕಡೆ 'ಫ್ಯೂ' ಇತ್ತು. ಒಂದೇ ಏಟಿಗೆ ಎಲ್ಲದಕ್ಕೂ 'ಎ' ಅಂಟಿಸುವ ಹಾಗಿರಲಿಲ್ಲ. ಕೆಲವು ಓಣಿಗಳಿಂದ ನಿಜವಾಗಿಯೂ ಬಂದವರು ಒಬ್ಬರೋ ಇಬ್ಬರೋ. ಒಂದೊಂದನ್ನೂ ಕೋಷ್ಟಕದ ಜೊತೆ ತಾಳೆ ನೋಡುತ್ತಾ ಎರಡು ದಿನ ಕೂತರು.

"ಈ ಓಣಿಯವರು ಬಂದ್ರಾ?"

"ಇಬ್ಬರು ಬಂದ್ರು."

"ನೋಡಿದ್ಯಾ, ಇಲ್ಲಿ ನಾನು ಕಿತ್ತಿದ್ದೇ ಸರಿ!"

"ಬೀಗಬೇಡಿ ಅಕ್ಕ. ಮುಂದಿನ ಪುಟ ತೆಗೀರಿ."

ಅಂಥವು ಐದು ಸಿಕ್ಕವು. ಉಳಿದ ಇಪ್ಪತ್ತಮೂರು ಕಡೆ 'ಎ' ಮರಳಿ ಬಂತು. ಕೊನೆಗೆ ದಿ ಅಕ್ಕ ಪರೀಕ್ಷಕರಿಗೆ ತನ್ನದೇ ಇಂಗ್ಲಿಷಿನಲ್ಲಿ ಪತ್ರ ಬರೆದಳು: ತಪ್ಪು ಬರೆದವಳದಲ್ಲ, ಟೈಪು ಮಾಡಿದವಳದು, ಅಂಕಿಅಂಶ ಹಾಗೇ ಇದೆ. ಕೆಳಗೆ ಸಹಿ ಹಾಕಿ ಅಂಗಡಿಯ ಮೊಹರನ್ನೂ ಒತ್ತಿದಳು. ನಾನು ಗುರುವಾರವೇ ರಟ್ಟು ಹಾಕಿ ಕೊಟ್ಟೆ.

ಪ್ರಬಂಧ ಒಪ್ಪಿಗೆಯಾಯಿತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು, ಈ ಪತ್ರ ಬರೆದವರು ಎಲ್ಲಿ ಓದಿದವರು ಎಂದು ಕೇಳಿದರಂತೆ. ನರ್ಸಮ್ಮ, "ನಮ್ಮ ಪ್ರಬಂಧಗಳನ್ನೇ ಓದಿದವರು ಸರ್" ಎಂದಳಂತೆ.

ಪದವಿ ಸಿಕ್ಕಿ ತಿಂಗಳಾಗಿರಲಿಲ್ಲ, ನರ್ಸಮ್ಮ ಮತ್ತೊಂದು ಲೇಖನದ ಕೈಬರಹ ಹಿಡಿದುಕೊಂಡು ಬಂದಳು.

"ಅಷ್ಟೆಲ್ಲ ಆದ ಮೇಲೂ ನನ್ನ ಹತ್ತಿರಾನೇ ತರ್ತೀಯಾ?" ಎಂದಳು ದಿ ಅಕ್ಕ.

"ಬೇರೆಯವರು ತಪ್ಪು ಮಾಡಲ್ವಾ ಅಕ್ಕ? ಮಾಡಿದ್ರೆ ಬಾಯಿಬಿಟ್ಟು ಹೇಳ್ತಾರೆ ಅಂತ ಏನು ಗ್ಯಾರಂಟಿ?"

ದಿ ಅಕ್ಕ ಪಕ್ಕದ ಕುರ್ಚಿಯ ಮೇಲಿದ್ದ ಹಾಳೆಗಳನ್ನು ಎತ್ತಿ ಅವಳಿಗೆ ಜಾಗ ಮಾಡಿಕೊಟ್ಟಳು.