ಅಟ್ಟದ ಮೇಲಿನ ನಾಲ್ಕನೇ ಬೆಕ್ಕು

ನೆತ್ತಿ ಮೇಲೆ ಒಂದು ಹನಿ ಬಿತ್ತು. ಬೆಚ್ಚಗಿತ್ತು.

ಮಳೆ ಅಲ್ಲ. ಕೂದಲಿಲ್ಲದ ನೆತ್ತಿ ಆದ್ರಿಂದ ಬೇಗ ಗೊತ್ತಾಯ್ತು... ಅಟ್ಟದ ಮೇಲೆ ಬೆಕ್ಕು ಉಚ್ಚೆ ಹೊಯ್ದಿತ್ತು.

ನಗ್ಬೇಡ್ರಪ್ಪ. ಮೊದಲು ನಾನೂ ನಕ್ಕೆ. ಆಮೇಲೆ ಎರಡನೇ ಹನಿ ಎಲ್ಲಿ ಬಿತ್ತು ಅಂತ ನೋಡ್ದೆ. ನಮ್ಮ ಹಳೇ ಬೆಕ್ಕುಗಳು ನೀರು ಕುಡಿಯೋ ಬಟ್ಟಲಿಗೆ.

ಅಲ್ಲಿಗೆ ನಗು ನಿಂತೋಯ್ತು.

ಯಾಕೆ ಅಂತ ಹೇಳ್ತೀನಿ.

ನಮ್ಮನೇಲಿ ಮೂರು ಬೆಕ್ಕು, ಹೆಸರಿಟ್ಟೋನು ನಾನೇ. ದಪ್ಪಗೆ ಕೊಬ್ಬರಿ ಇದ್ದಂಗೆ ಇರೋದು ಉಂಡೆ. ಎಷ್ಟು ಉಂಡ್ರೂ "ಉಂಡೆ" ಅನ್ನಲ್ಲ. ಇನ್ನೊಂದು ಚಿಪ್ಪು, ಇಲಿ ಹಿಡಿ ಅಂದ್ರೆ ನನ್ನ ಕೈಗೆ ಚಿಪ್ಪು ಕೊಡೋ ಗಿರಾಕಿ. ಮೂರನೇದು ಹೋಳು. ಯಾವ್ದೋ ಜಗಳದಲ್ಲಿ ಕಿವಿ ಹೋಳಾಗಿದೆ. ವಯಸ್ಸಾಗಿದೆ, ನನ್ನ ಹೊಟ್ಟೆ ಬಿಟ್ಟು ಬೇರೆ ಕಡೆ ಮಲಗಲ್ಲ.

ಮೂರಕ್ಕೂ ರಿಟೈರ್ಮೆಂಟ್ ಆಗಿ ಅಟ್ಟದಲ್ಲಿ ಇಲಿಗಳದ್ದೇ ದರ್ಬಾರು. ಕೊಬ್ಬರಿಗೆ ಅಂತ ಹಾಕಿದ್ದ ಕಾಯಿಗಳು ತೂತು ಬೀಳ್ತಿದ್ವು.

ಅಷ್ಟರಲ್ಲಿ ಹೋದ ವಾರ ಒಂದು ಬೆಳಿಗ್ಗೆ, ಸುಲಿದ ತೆಂಗಿನ ಮಟ್ಟೆ ಗುಡ್ಡೆ ಹಿಂದೆ ಒಂದು ಬಿಳೀ ಬೆಕ್ಕು ಕೂತಿತ್ತು. ಪಕ್ಕದಲ್ಲೇ ಬಾಯಿ ಬಿಚ್ಚಿದ ಗೊಬ್ಬರದ ಚೀಲ. ಬಂದ ದಿನವೇ ಇಲಿ ಹಿಡೀತು. ನಂಗೆ ಆಸೆ ಆಗೋಯ್ತು.

ನಮ್ಮನೆಯೋಳು ಗಂಗಮ್ಮ, "ಮೂರು ಸಾಲ್ದು ಅಂತ ಇನ್ನೊಂದಾ? ಅದ್ರ ಜೊತೆ ನೀವೂ ಮಟ್ಟೆ ಗುಡ್ಡೇಲೇ ಮಲಿಕ್ಕೊಳಿ" ಅಂದ್ಲು.

ತಿಪಟೂರಿನ ಪಶು ಡಾಕ್ಟ್ರಮ್ಮಂಗೆ ಫೋನ್ ಮಾಡ್ದೆ. ಹಳೇವಕ್ಕೆ ವ್ಯಾಕ್ಸಿನ್ ಆಗಿದ್ಯಾ ಅಂದ್ರು. ಇಲ್ಲ ಅಂದೆ. ಹಂಗಾದ್ರೆ ಅವನ್ನ ಕರ್ಕೊಂಡು ಬನ್ನಿ, ಅಲ್ಲೀವರೆಗೂ ಹೊಸದು ಬೇರೆ ರೂಮಲ್ಲೇ ಇರ್ಲಿ, ತಟ್ಟೆ, ನೀರು, ಗಲೀಜು ಏನೂ ಸೋಕಬಾರದು, ಅದಕ್ಕೇನಾದ್ರೂ ರೋಗ ಇದ್ರೆ ಮೂರೂ ಹೋಗ್ತವೆ ಅಂದ್ರು.

ಕಾಯಿ ಕೆಡವಿಸೋ ಕೆಲಸ ಇತ್ತು. ನಾಳೆ ಹೋಗೋಣ, ನಾಳೆ ಹೋಗೋಣ ಅಂತ ದಿನ ದೂಡ್ದೆ.

ನೊಣವಿನಕೆರೆಲಿ ನನ್ನ ತಂಗಿ ಮನೇಲಿ ಡಾಕ್ಟ್ರಮ್ಮ ಹೇಳ್ದಂಗೇ ಆಗಿತ್ತು. ಒಂದು ಮರಿ ತಂದ್ಲು. ಹಳೇವು ಒಂದರ ಹಿಂದೆ ಒಂದು ತೋಟಕ್ಕೆ ಹೋದ್ವು... ಹೂಳೋಕೆ.

ಸರಿ, ಬೇರೆ ರೂಮು ಎಲ್ಲಿಂದ ತರ್ಲಿ? ಕೊಬ್ಬರಿ ಅಟ್ಟ ಇದ್ಯಲ್ಲ! ಏಣಿ ತೆಗೆದ್ರೆ ಯಾವ್ದೂ ಹತ್ತಂಗಿಲ್ಲ. ಐಸೊಲೇಷನ್ನೂ ಆಯ್ತು, ಇಲೀಗೂ ಆಯ್ತು ಅಂತ ನನ್ನ ಬೆನ್ನು ನಾನೇ ತಟ್ಕೊಂಡೆ.

ಹುಟ್ಟಿದಾಗಿಂದ ಅಟ್ಟದ ಕೆಳಗೇ ಬೆಳೆದೋನು ಕಣ್ರೀ ನಾನು. ಕಾಯಿಗೆ ಗಾಳಿ ಆಡ್ಲಿ, ಕೆಳಗಿನ ಹೊಗೆ ಮೇಲಕ್ಕೆ ಹೋಗ್ಲಿ ಅಂತ ಸೀಳಿದ ಅಡಿಕೆ ದಬ್ಬೆಗಳ ಮಧ್ಯೆ ಸಂದಿ ಬುಟ್ಟೇ ಅಟ್ಟ ಹಾಸೋದು. ಆ ಸಂದೀಲಿ ಕೆಳಕ್ಕೆ ಏನೇನು ಬತ್ತದೆ ಅನ್ನೋದು ತಲೆಗೆ ಹೊಳೀಲೇ ಇಲ್ಲ. ತಲೆ ಮೇಲೇ ಬೀಳ್ಬೇಕಾಯ್ತು.

ಅದೆಷ್ಟು ದಿನದಿಂದ ಬೀಳ್ತಿತ್ತೋ...

ಬಟ್ಟಲು ಬಿಸಿನೀರಲ್ಲಿ ತೊಳೆದೆ, ನೆಲ ತೊಳೆದೆ. ಮಾರನೇ ದಿನ ಹೋಳು ಅನ್ನ ಮೂಸಿ ನೋಡಿ ತಿರುಗಿ ಹೋಯ್ತು. ಒಲೆ ಪಕ್ಕ ಮುದುರ್ಕೊಂಡು ಕೂತ್ಕೊಳ್ತು. ಮೈ ಕೆಂಡ.

ಹೋಳು ಏನೂ ತಿಂತಿಲ್ಲ ಕಣೇ ಅಂದ್ರೆ, "ಸಾಕು ಬುಡ್ರೀ ನಿಮ್ಮ ನಾಟ್ಕ" ಅಂತ ಗಂಗಮ್ಮ ಕೊಟ್ಟಿಗೆ ಕಡೆ ಹೋದ್ಲು. ಪಕ್ಕದ ತೋಟದ ಶಿವಣ್ಣಂಗೆ ಫೋನ್ ಮಾಡಿ ಬೈಕ್ ಕೇಳ್ದೆ. "ಸುಮ್ನಿರ್ಲಾ! ಹೋದ್ಸಲ ನೀನೇ ಸತ್ತೋದೆ ಅಂತ ಫೋನ್ ಮಾಡ್ಸಿದ್ದೆ, ನಾನು ಹಾರ ಹಿಡ್ಕಂಡು ಬಂದಿದ್ದೆ" ಅಂತ ಫೋನ್ ಇಟ್ಬುಟ್ಟ.

ಜೀವಮಾನವೆಲ್ಲಾ ಸುಳ್ಳುಸುಳ್ಳೇ ಊರನ್ನ ಹೆದರಿಸಿದೋನು ಒಂದ್ಸಲ ನಿಜವಾಗ್ಲೂ ಹೆದರ್ಕೊಂಡ್ರೆ ನಂಬೋರೇ ಇಲ್ಲ.

ಗೋಣಿಚೀಲ ತಗೊಂಡು ಏಣಿ ಹತ್ತಿದೆ. ಬಿಳೀದನ್ನ ಆಚೆ ಊರು ದಬ್ಬೇಘಟ್ಟದ ಕಡೆ ಬುಟ್ಟು ಬರೋದು ಅಂತ. ಅಟ್ಟ ಹತ್ತಿಸಿದೋನೂ ನಾನೇ, ಅಟ್ಟೋಕೆ ಹೊರಟೋನೂ ನಾನೇ.

ಪರಚ್ತದೆ ಅಂತ ಕೈಗೆ ಟವಲ್ ಸುತ್ಕೊಂಡಿದ್ದೆ. ಚೀಲದ ಬಾಯಿ ಅಗಲ ಮಾಡಿ ಹಿಡಿದ್ರೆ... ಅದು ತಾನಾಗೇ ನಡ್ಕೊಂಡು ಬಂದು ಒಳಗೆ ಕೂತ್ಕೊಳ್ತು. ಒಂದು ಸದ್ದಿಲ್ಲ. ಚೀಲ ಅಂದ್ರೆ ಏನು ಅಂತ ಅದಕ್ಕೆ ಗೊತ್ತಿತ್ತು.

ಕೆಳಗಿಳಿದ್ರೆ ಗಂಗಮ್ಮ ಹೋಳುನ ತೊಡೆ ಮೇಲೆ ಹಾಕ್ಕೊಂಡು ಕೂತವ್ಳೆ. ಮೈ ಮುಟ್ಟಿ ನೋಡಿದ್ಲು ಅಂತ ಕಾಣ್ತದೆ, ಮುಖ ಬಿಳಿಚ್ಕೊಂಡಿತ್ತು.

"ಎಲ್ಗೆ ಅದು?"

ದಬ್ಬೇಘಟ್ಟಕ್ಕೆ ಅಂದೆ.

"ಅಲ್ಲಿ ಯಾರ ಮನೇಲೂ ಬೆಕ್ಕಿಲ್ವಾ?"

ಚೀಲ ಮೆಲ್ಲಗೆ ಕೆಳಗಿಟ್ಟೆ.

"ಯಾವನೋ ಹಿಂಗೇ ಚೀಲದಲ್ಲಿ ತಂದು ನಮ್ಮನೆ ಹತ್ರ ಬುಟ್ಟೋಗವ್ನೆ. ನೀವು ಅವನಿಗೆ ತಮ್ಮ ಆಗ್ಬೇಡಿ. ಆಟೋ ಕರೀರಿ."

ನಾಲ್ಕನ್ನೂ ಬೇರೆಬೇರೆ ಹೇರ್ಕೊಂಡು ತಿಪಟೂರಿಗೆ ಹೋದ್ವಿ. ಹೋಳಿಗೆ ಜ್ವರ ಜಾಸ್ತಿ ಅಂದ್ರು. ಬೇರೆ ದಿನ ಆಗಿದ್ರೆ ಈ "ಹೋಳಿಗೆ" ಮೇಲೆ ತುಪ್ಪ ಹಾಕಿ ಒಂದು ಜೋಕ್ ಮಾಡ್ತಿದ್ದೆ.

ಅದೇ ರೋಗವೋ ಬೇರೇನೋ ಈಗ್ಲೇ ಹೇಳಕ್ಕಾಗಲ್ಲ, ಕಾಯ್ಬೇಕು ಅಂತ ಡ್ರಿಪ್ ಹಾಕಿ ಕಳಿಸಿದ್ರು. ಉಂಡೆಗೂ ಚಿಪ್ಪುಗೂ ವ್ಯಾಕ್ಸಿನ್ ಆಯ್ತು. ಬಿಳೀದು ಚೆನ್ನಾಗೇ ಕಾಣ್ತದೆ. ಆದ್ರೆ ಚೆನ್ನಾಗಿ ಕಾಣೋದೂ ರೋಗ ಹೊತ್ತಿರಬಹುದಂತೆ.

ಈಗ ಬಿಳೀದು ನಮ್ಮ ಮಲಗೋ ರೂಮಲ್ಲಿ, ಹೋಳು ಅಡಿಗೆಮನೇಲಿ, ಮಿಕ್ಕಿದ್ದೆರಡೂ ಹಾಲ್‌ನಲ್ಲಿ. ಒಂದನ್ನ ಮುಟ್ಟಿ ಬಂದ್ರೆ ಸೋಪಲ್ಲಿ ಕೈ ತೊಳೆದು, ಬಟ್ಟೆ ಬದಲಾಯ್ಸಿ ಇನ್ನೊಂದರ ಹತ್ರ. ಗಂಗಮ್ಮ ಹೋಳುಗೆ ಸಿರಿಂಜಲ್ಲಿ ನೀರು ಕುಡಿಸ್ತಾಳೆ. ಅರ್ಧ ಆಚೆಗೇ ಬತ್ತದೆ.

ಇವತ್ತು ಬೆಳಿಗ್ಗೆ ರೂಮಿಗೆ ತಟ್ಟೆ ಇಡೋಕೆ ಹೋದೆ. ಬಿಳೀದು ಬಂದು ಕಾಲಿಗೆ ಮೈ ಉಜ್ತು. ನಂಗೆ ಗೊತ್ತಿಲ್ದಂಗೇ ಕಾಲು ಹಿಂದಕ್ಕೆ ಎಳ್ಕೊಂಡೆ. ಅದು ತಲೆಯೆತ್ತಿ ನೋಡ್ತಾ ನಿಂತಿತ್ತು.

ಹೋಳು ಎದ್ರೆ ನಾಲ್ಕನೇದೂ ಇರ್ಲಿ ಅಂತ ಗಂಗಮ್ಮನೇ ಅಂದವ್ಳೆ. ಏಳದೇ ಹೋದ್ರೆ... ಆಗ್ಲೂ ಅದನ್ನ ಬೀದಿಗೆ ಬಿಡಲ್ಲ, ಊಟ ಹಾಕ್ತೀನಿ.

ಆದ್ರೆ ಅದರ ಮುಖ ನೋಡೋಕೆ ನನ್ ಕೈಲಾಗ್ತದಾ? ನೀವಾಗಿದ್ರೆ ಆಗ್ತಿತ್ತಾ?